ಸುರಂಗದ ಹನಿಸದ್ದನ್ನು ನಗರದ ಹಾಲ್‌ಗೆ ತರುವುದು ಹೇಗೆ? (ರೆಕಾರ್ಡಿಂಗ್ ಬೇಡ)

ಮುರಕಲ್ಲು ಕೇಳಿದ್ದು:

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಹೋಗಬೇಕು ನಮ್ಮ ಮನೆಗೆ. ಓದಿದ್ದು ಶಿಲ್ಪಕಲೆ, ಈಗ ಮಾಡುವುದು ಅರ್ಧ ಶಿಲ್ಪ ಅರ್ಧ ಸದ್ದು. ಮುರಕಲ್ಲು (ಕೆಂಪುಕಲ್ಲು, ಲ್ಯಾಟರೈಟ್), ಅಡಿಕೆ ದಂಬೆ (ಸೀಳಿದ ಅಡಿಕೆ ಮರದ ನೀರಿನ ಕಾಲುವೆ), ಅಡಿಕೆ ಹಾಳೆ, ಒಡೆದ ಮಡಕೆ, ಚರ್ಮ ಹರಿದ ಹಳೇ ಚೆಂಡೆಯ ಹಲಸಿನ ಕೊರಡು, ಹೀಗೆ ಗುಡ್ಡೆಯಲ್ಲಿ, ಅಟ್ಟದಲ್ಲಿ ಸಿಕ್ಕುವ ವಸ್ತುಗಳೇ ನನ್ನ ಬಂಡವಾಳ. ಬಡಿಯುವುದು, ಉಜ್ಜುವುದು, ಒದ್ದೆ ಮಾಡುವುದು, ಒಣಗಿಸಿ ಪುನಃ ಬಡಿಯುವುದು. ನೆಂಟರು ಬಂದವರು "ಇದರಿಂದ ಎಂತ ಬರ್ತದೆ?" ಅಂತ ಕೇಳ್ತಾರೆ. ಸದ್ದು ಬರ್ತದೆ ಅಂದರೆ ಚಹಾ ಕುಡಿದು ಹೋಗ್ತಾರೆ.

ವಿಷಯ ಇಷ್ಟು. ನಗರದ ಒಂದು ಪ್ರದರ್ಶನಕ್ಕೆ ಕರೆದಿದ್ದಾರೆ, ಫೆಬ್ರವರಿಯಿಂದ ಮೇ ತನಕ. ಅವರು ಕೊಟ್ಟ ವಿಷಯ ನೀರು. ನಾನು ನಮ್ಮ ತೋಟದ ಮೇಲಿನ ಸುರಂಗ ಅಂದೆ, ಅವರಿಗೂ ಖುಷಿಯಾಯಿತು. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ: ನಮ್ಮಲ್ಲಿ ಬಾವಿಯನ್ನು ಕೆಳಗೆ ಮಾತ್ರ ತೋಡುವುದಲ್ಲ, ಗುಡ್ಡೆಯ ಹೊಟ್ಟೆಗೆ ಅಡ್ಡವೂ ಕೊರೆಯುತ್ತಾರೆ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನಿಲ್ಲುವಷ್ಟು ಜಾಗ, ಎರಡಡಿ ಅಗಲ, ಆರಡಿ ಎತ್ತರ. ಒಸರು ಸಿಕ್ಕುವವರೆಗೆ ಕೊರೆಯುವುದು. ಸಿಕ್ಕಿದ ನೀರು ಪಂಪಿಲ್ಲದೆ, ಕರೆಂಟಿಲ್ಲದೆ ಹರಿದು ಹೊರಗೆ ಬರ್ತದೆ. ಮೊದಲು ಸೀಳಿದ ಅಡಿಕೆ ಮರದ ದಂಬೆಯಲ್ಲಿ, ಈಗ ಪಿವಿಸಿ ಪೈಪಿನಲ್ಲಿ ಟ್ಯಾಂಕಿಗೆ ಹೋಗ್ತದೆ. ಪಡ್ರೆ, ಎಣ್ಮಕಜೆ, ಬೆಳ್ಳೂರು ಕಡೆ ಇವತ್ತಿಗೂ ಇದೇ ನೀರು ಕುಡಿಯುವ ಮನೆಗಳುಂಟು.

ನಮ್ಮ ಸುರಂಗದ ಕೊನೆಯಲ್ಲಿ, ತಲೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಕಲ್ಲಿನಲ್ಲಿ ಮೊಲೆಯಂಥ ಒಂದು ಉಬ್ಬು. ಹನಿ ಅಲ್ಲಿಂದ ಬೀಳುವುದು. ಆಟಿಯಲ್ಲಿ (ಜುಲೈ-ಆಗಸ್ಟಿನ ಮಳೆಗಾಲ) ಹನಿ ಅಂತಲೇ ಇಲ್ಲ, ಒಂದೇ ಗೆರೆ. ದೀಪಾವಳಿ ಕಳೆದ ಮೇಲೆ ಗೆರೆ ಕಡಿದು ಹನಿಯಾಗ್ತದೆ. ಪಗ್ಗು ತಿಂಗಳು (ಏಪ್ರಿಲ್-ಮೇ) ಬರುವಾಗ ಒಂದು ಹನಿಗೂ ಇನ್ನೊಂದಕ್ಕೂ ನಡುವೆ ವೀಳ್ಯ ಮಡಚಿ ಬಾಯಿಗೆ ಹಾಕುವಷ್ಟು ಪುರ್ಸೊತ್ತು. ನನ್ನ ಕೆಲಸ ಆ ಪುರ್ಸೊತ್ತಿನ ಬಗ್ಗೆ.

ಈಗ ಆಯೋಜಕರು ಹೇಳುವುದು: ಚೆಂದದ ಮೂರು ನಿಮಿಷದ ರೆಕಾರ್ಡಿಂಗ್ ಮಾಡಿ ಕಳಿಸಿ, ನಾಲ್ಕು ಸ್ಪೀಕರಿನಲ್ಲಿ ತಿರುಗಿಸ್ತೇವೆ, ನಡುವಿನಲ್ಲಿ ನಿಮ್ಮ ಕೆಂಪುಕಲ್ಲಿನ ಶಿಲ್ಪ ಇಡೋಣ, ಬೆಳಕು ಬಿಡೋಣ. ನನಗೆ ಇದು ಹಿಡಿಸುವುದಿಲ್ಲ. ನವೆಂಬರಿನಲ್ಲಿ ಮಾಡಿದ ರೆಕಾರ್ಡಿಂಗ್ ಮೇ ತಿಂಗಳಲ್ಲೂ ಹಾಗೇ ತೊಟ್ಟಿಕ್ಕುತ್ತಾ ಇದ್ದರೆ ಅದು ಶುದ್ಧ ಸುಳ್ಳು. ಎಲ್ಲ ಸುರಂಗವೂ ವರ್ಷವಿಡೀ ಹರಿಯುವುದಿಲ್ಲ. ಅಕ್ಕಪಕ್ಕ ಬೋರ್‌ವೆಲ್ ಕೊರೆದ ಮೇಲಂತೂ ನಮ್ಮದೇ ವಠಾರದಲ್ಲಿ ನೀರು ನಿಂತ ಸುರಂಗಗಳಿವೆ, ಈಗ ಅವುಗಳಲ್ಲಿ ಮುಳ್ಳುಹಂದಿಗಳ ಸಂಸಾರ.

ಸ್ಪೀಕರ್ ಇಲ್ಲದೆ, ಲೂಪ್ ಇಲ್ಲದೆ ಆ ಹನಿಯನ್ನು ಹಾಲ್‌ಗೆ ಮುಟ್ಟಿಸುವ ದಾರಿ ಉಂಟಾ? ಎಲೆಕ್ಟ್ರಾನಿಕ್ಸ್ ಸ್ವಲ್ಪ ಬರ್ತದೆ, ಸೋಲ್ಡರಿಂಗ್ ಹೆದರಿಕೆ ಇಲ್ಲ. ದುಡ್ಡು ಕಮ್ಮಿ.

ಡೆಸಿಬೆಲ್‌ದಾಸ ಉತ್ತರ:

ಮೂಲತಃ ಕುಂಬಳೆಯವ, ಈಗ ಬೆಂಗಳೂರಲ್ಲಿ ಸಿನಿಮಾ ಸೌಂಡ್ ಕೆಲಸ. ಲೂಪ್ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಸಿನಿಮಾದವರು ದಿನಾ ಮಾಡುವ ವಂಚನೆ ಅದು: ಮಳೆಗೆ ಒಂದು ಫೈಲು, ಜೀರುಂಡೆಗೆ ಒಂದು ಫೈಲು. ಯಾವ ಊರಿನ ಜೀರುಂಡೆ ಅಂತ ಯಾರೂ ಕೇಳುವುದಿಲ್ಲ.

ನೇರ ಪ್ರಸಾರ ಮಾಡಬಹುದಲ್ಲ? ಅಮೆರಿಕದ ಬಿಲ್ ಫೊಂಟಾನ ಅನ್ನುವ ಸದ್ದುಶಿಲ್ಪಿ ಜೀವಮಾನವಿಡೀ ಅದನ್ನೇ ಮಾಡಿದವರು. 2006ರಲ್ಲಿ ಲಂಡನ್ನಿನ ಮಿಲೆನಿಯಂ ಸೇತುವೆಗೆ ಕಂಪನ ಹಿಡಿಯುವ ಸೆನ್ಸರುಗಳನ್ನು ಕಟ್ಟಿ, ಗಾಳಿಗೆ, ಜನರ ಓಡಾಟಕ್ಕೆ ಸೇತುವೆಯೊಳಗೆ ಏಳುವ ಗುಂಯ್ಗುಡುವಿಕೆಯನ್ನು ಆಗಿಂದಾಗ್ಗೆ ಅಲ್ಲಿನ ಟೇಟ್ ಮಾಡರ್ನ್ ಕಲಾ ಗ್ಯಾಲರಿಯ ಟರ್ಬೈನ್ ಹಾಲ್‌ಗೆ ಹರಿಸಿದರು. ಸೇತುವೆ ಮೇಲೆ ಯಾರೂ ಇಲ್ಲದಿದ್ದರೆ ಹಾಲ್‌ನಲ್ಲೂ ಅಷ್ಟಕ್ಕಷ್ಟೆ. ಸುರಂಗದೊಳಗೆ ಮೈಕ್, ಬಾಯಲ್ಲಿ ಸಣ್ಣ ಸೋಲಾರ್ ಪ್ಯಾನೆಲ್, ಒಂದು 4ಜಿ ಡಾಂಗಲ್. ಸ್ಪೀಕರ್ ಬೇಕೇ ಬೇಕಾಗ್ತದೆ, ಆದರೆ ಸುಳ್ಳು ಇರುವುದಿಲ್ಲ.

ಇನ್ನೊಂದು ಕೇಳಬೇಕಿತ್ತು. ಸುರಂಗದೊಳಗೆ ನಿಂತು ತಗ್ಗಿನ ಸ್ವರದಲ್ಲಿ "ಮ್ಮ್" ಅಂತ ಗುಂಯ್ಗುಟ್ಟಿ ನೋಡಿದ್ದೀರಾ? ಆರಡಿ ಎತ್ತರ ಅಂದರೆ ನೆಲಕ್ಕೂ ಮಾಡಿಗೂ (ಚಾವಣಿಗೂ) ನಡುವೆ ಸುಮಾರು 95 ಹರ್ಟ್ಸ್‌ನ ಅಲೆ ಸರಿಯಾಗಿ ಕೂತುಬಿಡ್ತದೆ. ಗಂಡಸರ ಮಂದ್ರಕ್ಕೆ ಸಿಗುವ ಸ್ವರ. ಎರಡಡಿ ಅಗಲಕ್ಕೆ ಸುಮಾರು 285, ಅದು ಹೆಂಗಸರ ಸ್ವರಕ್ಕೆ ಸಲೀಸು. ಆ ಸ್ವರ ಹಿಡಿದ ಕೂಡಲೇ ಗೋಡೆಯೇ ಹಾಡಿದ ಹಾಗೆ ಉಬ್ಬುತ್ತದೆ. ಅಮೆರಿಕದ ಸಂಗೀತ ಸಂಯೋಜಕ ಆಲ್ವಿನ್ ಲೂಸಿಯೆ 1969ರಲ್ಲಿ ಕೋಣೆಯಲ್ಲಿ ಕೂತು ತನ್ನ ಮಾತನ್ನು ರೆಕಾರ್ಡ್ ಮಾಡಿ, ಅದನ್ನು ಅದೇ ಕೋಣೆಯಲ್ಲಿ ನುಡಿಸಿ ಪುನಃ ರೆಕಾರ್ಡ್ ಮಾಡಿ, ಹೀಗೇ ಮಾಡುತ್ತಾ ಹೋದರು. ಕೊನೆಗೆ ಮಾತು ಪೂರ್ತಿ ಕರಗಿ ಕೋಣೆಯ ಸ್ವರ ಮಾತ್ರ ಉಳಿಯಿತು. ಸುರಂಗದಲ್ಲಿ ಹಾಗೆ ಮಾಡಿದರೆ ಬಹಳ ಬೇಗ ಆಗ್ತದೆ ಅಂತ ನನ್ನ ಅಂದಾಜಿ.

ಪಿಕ್ಕಾಸು ಉತ್ತರ:

ನನ್ನ ಅಪ್ಪ ಸುರಂಗ ಕೊರೆಯುತ್ತಿದ್ದವರು, ಮುಳ್ಳೇರಿಯ ಕಡೆ. ನಾನು ಈಗ ಪ್ಲಂಬಿಂಗ್. ಮೇಲಿನ ಹರ್ಟ್ಸ್ ಗಿರ್ಟ್ಸ್ ನನಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಆದರೆ ಒಳಗೆ ಕೊರೆಯುವಾಗ ಅವರು ಕಣ್ಣಿಗಿಂತ ಕಿವಿಯನ್ನೇ ನಂಬುತ್ತಿದ್ದದ್ದು. ಪಿಕ್ಕಾಸು ಬಿದ್ದಾಗ ಟಣ್ ಅಂದರೆ ಗಟ್ಟಿ ಕಲ್ಲು, ಮುಂದೆ ಹೋಗಿ ಫಲ ಕಮ್ಮಿ. ಬೊದ್ ಅಂತ ಕೇಳಿದರೆ ಜೇಡಿ, ನೀರು ಹತ್ತಿರ. ಜೇಡಿ ಜಾಸ್ತಿ ಮೆತ್ತಗೆ ಕೇಳಿಸಿತೋ, ಮಾಡು ಕುಸಿಯುವ ಭಯ. ಅಲ್ಲಿ ಕೆಲಸ ನಿಲ್ಲಿಸಿ ಹೊರಗೆ ಬಂದು ಬೀಡಿ ಹಚ್ಚಿ ಯೋಚನೆ ಮಾಡುವುದು. ಮೊಂಬತ್ತಿ ಹಚ್ಚಿ ಇಡುತ್ತಿದ್ದದ್ದು ಬೆಳಕಿಗೆ ಮಾತ್ರ ಅಲ್ಲ. ಅದು ನಂದಿದರೆ ಉಸಿರಾಡಲಿಕ್ಕೆ ಗಾಳಿ ಸಾಲದು ಅಂತ ಲೆಕ್ಕ. ಉದ್ದದ ಸುರಂಗಕ್ಕೆ ಮೇಲಿಂದ ಗಾಳಿಗಂಡಿ ತೋಡುವುದೂ ಅದಕ್ಕೇ.

ಮತ್ತೆ, ನಮ್ಮಲ್ಲಿ ಹನಿ ಕೇಳುವುದು ಕಲೆಗಲ್ಲ. ಸುರಂಗದ ಬಾಯಲ್ಲಿ ನಿಂತು ಸದ್ದು ಕೇಳಿಯೇ ಅಪ್ಪ ಹೇಳುತ್ತಿದ್ದರು, ಈ ಸರ್ತಿ ತೋಟಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬಿಡಬಹುದು ಅಂತ. ಮಡಕೆ ಇಟ್ಟು ಅಳೆಯುವವರೂ ಇದ್ದರು.

ಹಾಲ್‌ನಲ್ಲಿ ಎ.ಸಿ. ಹಾಕಿಕೊಂಡು ಕೇಳುವವರಿಗೆ ಇದೆಲ್ಲ ಎಂತಕ್ಕೆ ಅಂತ ನನ್ನ ಪ್ರಶ್ನೆ. ಬೇಜಾರು ಮಾಡಬೇಡಿ.

ಮುರಕಲ್ಲು ಉತ್ತರ:

@ಪಿಕ್ಕಾಸು ಬೇಜಾರು ಎಂತದು, ಟಣ್ ಮತ್ತು ಬೊದ್ ಬಗ್ಗೆ ಬರೆದದ್ದಕ್ಕೆ ನಿಮಗೆ ಒಂದು ಊಟ ಬಾಕಿ. ನನಗೆ ಬೇಕಾದದ್ದು ಅದೇ. ಕಲಾಶಾಲೆಯಲ್ಲಿ ನಮಗೆ ಕಲಿಸಿದ್ದು ಕಲ್ಲನ್ನು ನೋಡುವುದು, ಸವರುವುದು. ಯಾರೂ ಕೇಳು ಅನ್ನಲಿಲ್ಲ.

@ಡೆಸಿಬೆಲ್‌ದಾಸ ನೇರ ಪ್ರಸಾರಕ್ಕೆ ಎರಡು ತಕರಾರು. ಒಂದು, ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡೆ ತಲೆಗೆ ಹತ್ತಿ ಗೇರು ಮರದ ಬುಡದಲ್ಲಿ ನಿಂತರೆ ಸಿಕ್ತದೆ. ಎರಡನೆಯದೇ ದೊಡ್ಡದು. ಸ್ಪೀಕರಿನಿಂದ ಬಂದದ್ದು ಹನಿಯ ಚಿತ್ರ, ಹನಿಯಲ್ಲ. ನಾನು ಶಿಲ್ಪಿ, ನನಗೆ ಅಲ್ಲಿ ಒಂದು ವಸ್ತು ಇನ್ನೊಂದು ವಸ್ತುವಿಗೆ ತಾಗಬೇಕು. ಹಟ ಅಂತ ಬೇಕಾದರೆ ಹೇಳಿ.

ಸ್ವರ ಹಿಡಿದು ನೋಡಿದೆ. ನೀವು ಹೇಳಿದ 285ರ ಹತ್ತಿರವೇ ಏನೋ, ಕಿವಿಗಿಂತ ಹಲ್ಲಿಗೆ ಹೆಚ್ಚು ಗೊತ್ತಾಯ್ತು. ಮೂಲೆಯಲ್ಲಿ ನೇತಾಡುತ್ತಿದ್ದ ಬಾವಲಿಗಳು ಎದ್ದು ನನ್ನ ತಲೆ ಮೇಲಿಂದ ಹೊರಟುಹೋದವು. ಲೂಸಿಯೆ ಪ್ರಯೋಗ ಅಲ್ಲಿ ಮಾಡುವುದಿಲ್ಲ, ಅವುಗಳ ಮನೆ ಅದು.

ರಾಯದುರ್ಗದವ ಉತ್ತರ:

ನಾನು ಆಂಧ್ರದ ಅನಂತಪುರ ಜಿಲ್ಲೆ ರಾಯದುರ್ಗದವ್ನು. ನಿಮ್ ಸುರಂಗ ನೋಡಿಲ್ಲ, ಆದ್ರೆ ಕಲ್ಲಿನ ಸದ್ದು ಅಂದ ತಕ್ಷಣ ಬರೀಲೇಬೇಕು ಅನಿಸ್ತು. ನಮಗೆ ಬಳ್ಳಾರಿ ಹತ್ರ. ಅಲ್ಲಿ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡದ ಮ್ಯಾಲೆ ಕರೀ ಡಾಲರೈಟ್ ಬಂಡೆಗಳ ಸಾಲು ಐತೆ. ಕೆಲವು ಬಂಡೆ ಮ್ಯಾಲೆ ಬಟ್ಟಲಿನಂಗೆ ಸವೆದ ಗುಳಿ. ಆ ಗುಳೀಗೆ ಸಣ್ಣ ಕಲ್ಲು ತಗೊಂಡು ಬಡಿದ್ರೆ ಗಂಟೆ ಹೊಡ್ದಂಗೆ ನಾದ ಬರ್ತೈತೆ. ಹೊಸ ಶಿಲಾಯುಗದ ಮಂದಿ ಬಡಿದೂ ಬಡಿದೂ ಆಗಿರೋ ಗುಳಿ ಅಂತ ನಿಕೋಲ್ ಬೋವಿನ್ ಅನ್ನೋ ಪುರಾತತ್ವದವರು 2004ರಲ್ಲಿ ಬರೆದ್ರು. ಅದೇ ಬಂಡೆಗಳ ಮ್ಯಾಲೆ ಎತ್ತಿನ ಚಿತ್ರ ಕೊರೆದಾರೆ. ಚಿತ್ರ ಮತ್ತು ನಾದ ಎರಡೂ ಒಂದೇ ಕಲ್ಲಲ್ಲಿ. ಮಜಾ ಏನಂದ್ರೆ ಆ ಗುಡ್ಡಕ್ಕೆ ಕಲ್ಲು ಕ್ವಾರಿಯವರ ಕಾಟ ಬ್ಯಾರೆ. ಡಾಲರೈಟ್ ಒಡೆದ್ರೆ ಜಲ್ಲಿ.

ನಿಮ್ಮ ಕೆಂಪುಕಲ್ಲಿಗೆ ನಾದ ಇಲ್ಲ ಅಲ್ವಾ? ತೂತು ತೂತು ಇರ್ತೈತಲ್ಲ. ಇಟಲಿಯ ಸಾರ್ಡಿನಿಯಾದಾಗ ಪಿನುಚ್ಚೋ ಶೋಲ ಅಂತ ಒಬ್ಬ ಶಿಲ್ಪಿ ಇದ್ರು, 2016ರಲ್ಲಿ ತೀರಿಕೊಂಡ್ರು. ಬಸಾಲ್ಟು, ಸುಣ್ಣಕಲ್ಲಿಗೆ ಹತ್ತಿರ ಹತ್ತಿರ ಸೀಳು ಕೊಯ್ದು ಬಾಚಣಿಗೆಯಂಗೆ ಮಾಡಿ, ಮ್ಯಾಲೆ ಕೈಯಿಂದ, ಕಲ್ಲಿಂದ ಸವರಿ ನುಡಿಸ್ತಿದ್ರು. ಬಡಿಯೋದಲ್ಲ, ಸವರೋದು. ಆಳೆತ್ತರದ ಕಲ್ಲು ಗಾಜಿನ ಲೋಟದ ಅಂಚು ಉಜ್ಜಿದಂಗೆ ಕೂಗ್ತಿತ್ತು. ಲ್ಯಾಟರೈಟಿಗೆ ಹಂಗೆ ಸೀಳು ಕೊಯ್ದು ನೋಡೀರಾ?

ಮುರಕಲ್ಲು ಉತ್ತರ:

ರಾಯದುರ್ಗದಿಂದ ಕನ್ನಡದಲ್ಲಿ ಉತ್ತರ ಬಂತು ಅಂತ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಗಡಿಯಾಚೆ ಉಳಿದವರಿಗೆ ಗಡಿಯಾಚೆಯವರೇ ಗತಿ!

ಸೀಳು ಕೊಯ್ದಾಗಿದೆ. ಮೊದಲು ಈ ಕಲ್ಲಿನ ಸ್ವಭಾವ ಹೇಳ್ತೇನೆ. ಕೋರೆಯಿಂದ ಆಗಷ್ಟೇ ಎಬ್ಬಿಸಿದ ಮುರಕಲ್ಲನ್ನು ಕೊಡಲಿಯಲ್ಲೇ ಕೆತ್ತಬಹುದು, ಅಷ್ಟು ಮೆತ್ತಗೆ. ಬಿಸಿಲು ಗಾಳಿ ತಾಗಿ ಒಣಗುತ್ತಾ ಹೋದ ಹಾಗೆ ಒಳಗಿನ ಕಬ್ಬಿಣದ ಅಂಶ ಬಿಗಿದುಕೊಂಡು ಗಟ್ಟಿಯಾಗ್ತದೆ. ಎರಡು ಶತಮಾನದ ಹಿಂದೆ ಈಸ್ಟ್ ಇಂಡಿಯಾ ಕಂಪೆನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರಂನಲ್ಲಿ ನೋಡಿ ಬೆರಗಾಗಿ ಬರೆದದ್ದೂ ಇದನ್ನೇ. ಹಸಿ ಕಲ್ಲನ್ನು ಬಡಿದರೆ ಬೇಯಿಸಿದ ಕೆಸುವಿನ ಗೆಡ್ಡೆಗೆ ಸೌಟು ತಾಗಿದ ಹಾಗೆ, ಸದ್ದೇ ಇಲ್ಲ. ಅದೇ ಕಲ್ಲನ್ನು ಒಂದು ಬೇಸಿಗೆ ಅಂಗಳದಲ್ಲಿ ಇಟ್ಟು, ತೆಳ್ಳಗಿನ ಹಲಗೆ ಮಾಡಿ, ಎರಡು ತುದಿ ತೆಂಗಿನ ಹಗ್ಗದ ಮೇಲಿಟ್ಟು ಮರದ ಕೊಡತಿಯಲ್ಲಿ ತಟ್ಟಿದರೆ ಸಣ್ಣಕ್ಕೆ "ಟೊಕ್" ಅಂತದೆ. ನಾದ ಅನ್ನುವ ಹಾಗಿಲ್ಲ, ಬಾಲವೇ ಇಲ್ಲದ ಸದ್ದು. ತೂತುಗಳೊಳಗೆ ಕಂಪನ ಸತ್ತುಹೋಗ್ತದೆ. ಗುಡ್ಡೆಯ ನೆತ್ತಿಯಲ್ಲಿ ಕರಿ ಹಿಡಿದ ಪಾರೆಕಲ್ಲು ಇರ್ತದಲ್ಲ, ಕಬ್ಬಿಣ ಜಾಸ್ತಿ ಇರುವ ಚಿಪ್ಪು, ಅದು ಸ್ವಲ್ಪ ಒಳ್ಳೆದು. ಆದರೆ ಜೂನ್ ಬಂತೋ, ಇವೆಲ್ಲ ಪುನಃ ನೀರು ಕುಡಿದು ಮೂಗಾಗ್ತವೆ. ಶೋಲ ಅವರ ಬಸಾಲ್ಟು ವರ್ಷವಿಡೀ ಒಂದೇ ಸ್ವರ ಕೊಡಬಹುದು. ನನ್ನ ಕಲ್ಲಿಗೆ ಮಳೆಗಾಲದ ಸ್ವರ ಬೇರೆ, ಬೇಸಿಗೆಯ ಸ್ವರ ಬೇರೆ.

ಶೋಲ ಬಗ್ಗೆ ಗೌರವ ಇಟ್ಟುಕೊಂಡೇ ಹೇಳ್ತೇನೆ, ನನಗೆ ಹಾಡುವ ಕಲ್ಲು ಬೇಡ. ದೊಡ್ಡದೂ ಬೇಡ. ನಮ್ಮದೇ ಜಿಲ್ಲೆಯ ಚೆರುವತ್ತೂರು ಕಡೆಯ ಶಿಲ್ಪಿ ಕಾನಾಯಿ ಕುಂಞಿರಾಮನ್ 1969ರಲ್ಲಿ ಪಾಲಕ್ಕಾಡಿನ ಮಲಂಪುಳದಲ್ಲಿ ಮೂವತ್ತಡಿಯ ಯಕ್ಷಿಯ ಶಿಲ್ಪವನ್ನು ಕೂರಿಸಿದರು. ಅದರ ಎದುರು ನಿಂತರೆ ಯಾರಿಗಾದರೂ ಮಾತು ಬರುವುದಿಲ್ಲ. ನನಗೆ ಆ ಧೈರ್ಯವೂ ಇಲ್ಲ, ಮನಸ್ಸೂ ಇಲ್ಲ. ಬಗ್ಗಿ ಕಿವಿ ಕೊಡಬೇಕು, ಅಷ್ಟು ಸಣ್ಣದಾದರೆ ಸಾಕು.

ತೋಟದ ಮೂಲೆ ಉತ್ತರ:

ಎಣ್ಮಕಜೆಯಿಂದ ಬರೀತಾ ಇದ್ದೇನೆ. ವಯಸ್ಸಾಗಿದೆ, ಟೈಪ್ ಮಾಡುವುದು ಮೊಮ್ಮಗ, ತಪ್ಪಿದ್ದರೆ ಅವನದ್ದು.

ಕಿವಿಯ ವಿಷಯ ಬಂದದ್ದಕ್ಕೆ. ತೆಂಗಿನ ಮರಕ್ಕೆ ಕೆಂಪುಮೂತಿ ಹುಳ ಹೊಕ್ಕಿದೆಯೋ ಅಂತ ನೋಡಲಿಕ್ಕೆ ನಾವು ಕಾಂಡಕ್ಕೆ ಕಿವಿ ಒತ್ತಿ ಹಿಡಿಯುತ್ತಿದ್ದದ್ದು. ಮರಿಹುಳ ಒಳಗೆ ತಿನ್ನುವ ಕರ್ ಕರ್ ಸದ್ದು ಕೇಳಿಸಿತೋ, ಮರದ ಕಥೆ ಹೆಚ್ಚಾಗಿ ಮುಗಿಯಿತು. ಈಗ ಅದನ್ನು ಮೈಕ್‌ನಲ್ಲಿ ಪತ್ತೆ ಹಚ್ಚುವ ಉಪಕರಣಗಳು ಬಂದಿವೆಯಂತೆ.

ಇನ್ನೊಂದು. ನಮ್ಮಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ನಾನು ಜೇನು ಸಾಕುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ಹೆಲಿಕಾಪ್ಟರಿನ ಬೊಬ್ಬೆ ಎಲ್ಲರಿಗೂ ನೆನಪುಂಟು, ಮಕ್ಕಳು ನೋಡಲಿಕ್ಕೆ ಓಡುತ್ತಿದ್ದರು. ನನಗೆ ನೆನಪಿರುವುದು ಅದರ ನಂತರದ್ದು. ಜೇನುಪೆಟ್ಟಿಗೆಗೆ ಕಿವಿ ಕೊಟ್ಟರೆ ಗುಂಯ್ ಇರಬೇಕು, ಅದು ಇಲ್ಲ. ಪೆಟ್ಟಿಗೆ ಬಿಚ್ಚಿದರೆ ತಳದಲ್ಲಿ ರಾಶಿ. ತೋಡಿನ ಕಪ್ಪೆಗಳದ್ದೂ ಹಾಗೇ. ಕಾಯಿಲೆಗಳ ಸುದ್ದಿ ಹೊರಗೆ ಬಂದದ್ದು ಆಮೇಲೆ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ನಿಲ್ಲಿಸಿತು. ಹಾಗೆ ಈ ಊರಿನಲ್ಲಿ ಸದ್ದು ನಿಲ್ಲುವುದು ಅಂದರೆ ನಮಗೆ ಒಂದು ಅರ್ಥ ಉಂಟು. ಕಲೆಯವರು ಬಂದು "ಮೌನ" ಅಂತ ಬೋರ್ಡು ಹಾಕಿ ಚೆಂದ ಮಾಡಿದರೆ ನನಗೆ ಸಿಟ್ಟು ಬರ್ತದೆ. ನೀವು ಹಾಗೆ ಮಾಡುವವರಲ್ಲ ಅಂತ ಕಾಣ್ತದೆ, ಆದರೂ ಹೇಳಿಟ್ಟೆ.

ಮೊಮ್ಮಗ ಸೇರಿಸಿದ್ದು: ಮಣಿಪಾಲದ ಸುತ್ತಲಿನ ಮುರಕಲ್ಲು ಜಾಗದಲ್ಲಿ ಸಿಕ್ಕಿದ ಒಂದು ಕಿರುಗಪ್ಪೆಗೆ 2016ರಲ್ಲಿ ಮೈಕ್ರೋಹೈಲಾ ಲ್ಯಾಟರೈಟ್ ಅಂತ ಹೆಸರಿಟ್ಟಿದ್ದಾರೆ. ಉಗುರಿನ ಗಾತ್ರ, ಕೂಗು ಕೇಳಿದರೆ ಜೀರುಂಡೆ ಅಂದುಕೊಳ್ಳಬೇಕು. ಸದ್ದು ಹಿಂಬಾಲಿಸಿ ಹೋದವರಿಗೆ ಮಾತ್ರ ಸಿಗುವಂಥದ್ದು. ನಮ್ಮ ಪಾರೆಯಲ್ಲೂ ಹುಡುಕಬೇಕು ಅಂತ ನನಗೆ ಆಸೆ, ಅಜ್ಜ ಮಳೆಗೆ ಬಿಡುವುದಿಲ್ಲ.

ಡೆಸಿಬೆಲ್‌ದಾಸ ಉತ್ತರ:

ಎರಡು ದಿನ ಇದೇ ತಲೆಯಲ್ಲಿ. ಸ್ಪೀಕರ್ ಬೇಡ, ವಸ್ತು ವಸ್ತುವಿಗೆ ತಾಗಬೇಕು, ಋತು ಸುಳ್ಳಾಗಬಾರದು. ಹಾಗಾದರೆ ಸದ್ದನ್ನು ಕಳಿಸಬೇಡಿ. ಹೊತ್ತನ್ನು ಕಳಿಸಿ.

ಅಂದರೆ: ಸುರಂಗದಲ್ಲಿ ಹನಿ ಬೀಳುವಲ್ಲಿ ಒಂದು ಪೀಜೋ ಡಿಸ್ಕ್, 27 ಮಿಲಿಮೀಟರಿನದು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗ್ತದೆ. ಹನಿ ತಾಗಿದರೆ ಅದರಲ್ಲಿ ಸಣ್ಣ ವೋಲ್ಟೇಜ್ ಏಳ್ತದೆ. ಇಎಸ್‌ಪಿ32 ಅನ್ನುವ ಒಂದು ಸಣ್ಣ ಕಂಪ್ಯೂಟರ್ ಬೋರ್ಡು ಅದನ್ನು ನೋಡಿ, ಎಷ್ಟು ಗಂಟೆ ಎಷ್ಟು ಸೆಕೆಂಡಿಗೆ ಹನಿ ಬಿತ್ತು ಅಂತ ಮಾತ್ರ ಬರೆದುಕೊಳ್ಳಲಿ. ಆ ಅಂಕಿಯನ್ನು ಲೋರಾ (ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವ) ರೇಡಿಯೋದಲ್ಲಿ ಗುಡ್ಡೆ ತಲೆಗೆ, ನಿಮ್ಮ ಗೇರು ಮರಕ್ಕೆ ಮುಟ್ಟಿಸಿ. 865ರಿಂದ 867 ಮೆಗಾಹರ್ಟ್ಸ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ, ಕರೆಂಟೂ ಬಹಳ ಕಮ್ಮಿ ಸಾಕು. ಅಲ್ಲಿಂದ ಮೊಬೈಲ್ ನೆಟ್‌ವರ್ಕಿನಲ್ಲಿ ಹಾಲ್‌ಗೆ. ಹಾಲ್‌ನಲ್ಲಿ ಒಂದು ಪಾತ್ರೆ ನೀರು, ಅದಕ್ಕೊಂದು ಸಣ್ಣ ವಾಲ್ವ್. ಸುರಂಗದಲ್ಲಿ ಒಂದು ಹನಿ ಬಿದ್ದರೆ ಇಲ್ಲಿ ವಾಲ್ವ್ ಒಂದು ಹನಿ ಬಿಡ್ತದೆ. ನೆಟ್‌ವರ್ಕ್ ಒಮ್ಮೆ ಬೇಗ ಒಮ್ಮೆ ತಡ ಆಗಿ ತಾಳ ಕೆಡುವುದು ಬೇಡ ಅಂದರೆ, ಎಲ್ಲ ಹನಿಯನ್ನೂ ಅರ್ಧ ನಿಮಿಷ ತಡವಾಗಿ ಬಿಡಿ. ನಡುವಿನ ಅಂತರ ಸುರಂಗದ್ದೇ ಉಳೀತದೆ. ಪ್ರದರ್ಶನ ಫೆಬ್ರವರಿಯಲ್ಲಿ ಶುರು ಅಲ್ವಾ, ಆಗ ಹನಿ ಬಿಡಿಬಿಡಿಯಾಗಿರ್ತದೆ, ಲೆಕ್ಕಕ್ಕೆ ಸಿಗ್ತದೆ.

ಹನಿ ಎಲ್ಲಿಗೆ ಬೀಳಬೇಕು? ಜಪಾನಿನ ತೋಟಗಳಲ್ಲಿ ಸುಯ್‌ಕಿನ್‌ಕುತ್ಸು ಅಂತ ಮಾಡ್ತಾರೆ, ಎಡೊ ಕಾಲದಿಂದ (17ರಿಂದ 19ನೇ ಶತಮಾನ). ತಳದಲ್ಲಿ ತೂತು ಇರುವ ದೊಡ್ಡ ಮಡಕೆಯನ್ನು ಕವುಚಿ ಮಣ್ಣಿನಲ್ಲಿ ಹೂಳುವುದು. ಕೈ ತೊಳೆದ ನೀರು ಆ ತೂತಿನಿಂದ ಇಳಿದು, ಒಳಗೆ ಕೆಲವು ಸೆಂಟಿಮೀಟರ್ ನಿಂತ ನೀರಿಗೆ ಹನಿಯಾಗಿ ಬೀಳ್ತದೆ. ಮಡಕೆ ಒಳಗಿಂದ ತಂತಿವಾದ್ಯದಂಥ ಸದ್ದು. ನಿಮ್ಮ ಸುರಂಗದ ಸಣ್ಣ ತಂಗಿ.

ಕೊನೆಗೆ ಒಂದು ಮುಖ್ಯ ಸಂಗತಿ. ಹನಿಯ "ಟಿಣ್" ಬರುವುದು ಹನಿ ನೀರಿಗೆ ತಾಗಿದ್ದರಿಂದ ಅಲ್ಲ. ಹನಿ ಬಿದ್ದು ಗುಂಡಿಯಾಗಿ ಅದರಡಿ ಒಂದು ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ತದೆ, ಅದು ನಡುಗಿದಾಗ ನೀರಿನ ಮೇಲ್ಮೈ ಪಿಸ್ಟನ್ನಿನಂತೆ ಆಡಿ ಗಾಳಿಗೆ ಸದ್ದು ಕೊಡ್ತದೆ. ಕೇಂಬ್ರಿಜ್‌ನ ಅನುರಾಗ್ ಅಗರ್ವಾಲ್ ಮತ್ತು ಜೊತೆಯವರು 2018ರಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ತೋರಿಸಿದರು, ಅದೂ ಸೋರುವ ಮಾಡಿನ ಸದ್ದಿಗೆ ನಿದ್ದೆ ಕೆಟ್ಟು. ನೀರಿಗೆ ಪಾತ್ರೆ ತೊಳೆಯುವ ಸೋಪು ಸ್ವಲ್ಪ ಹಾಕಿದರೆ ಸದ್ದು ನಿಂತುಹೋಗ್ತದೆ. ಹಾಗಾಗಿ ಹಾಲ್‌ನ ಕ್ಲೀನಿಂಗ್‌ನವರಿಗೆ ಮೊದಲೇ ಹೇಳಿಡಿ!

ಮುರಕಲ್ಲು ಉತ್ತರ:

ಹೊತ್ತನ್ನು ಕಳಿಸಿ! ಇದನ್ನು ಓದಿ ಅಂಗಳದಲ್ಲಿ ಎರಡು ಸುತ್ತು ನಡೆದೆ. ಇದೇ ಮಾಡುವುದು.

ಒಂದು ವಾರದ ಕೆಲಸದ ವರದಿ. ಪೀಜೋವನ್ನು ನೇರ ಕಲ್ಲಿಗೆ ಅಂಟಿಸಿದರೆ ಹನಿಯನ್ನು ಹಿಡಿಯಲೇ ಇಲ್ಲ, ಕಲ್ಲು ಎಲ್ಲ ನುಂಗಿತು. ಅಡಿಕೆ ಹಾಳೆಯ ತುಂಡೊಂದನ್ನು ಚೌಕಟ್ಟಿಗೆ ಬಿಗಿದು ಅಡಿಗೆ ಡಿಸ್ಕ್ ಅಂಟಿಸಿದೆ, ಮೇಲೆ ಎರಡು ಕೋಟು ವಾರ್ನಿಶ್. ಈಗ ಒಂದೊಂದು ಹನಿಯೂ ಗೆರೆಯಾಗಿ ಕಾಣ್ತದೆ. ಹಾಳೆ ಓರೆಯಾಗಿಟ್ಟದ್ದರಿಂದ ನೀರು ಜಾರಿ ದಂಬೆಗೇ ಹೋಗ್ತದೆ, ತೋಟಕ್ಕೆ ನಷ್ಟ ಇಲ್ಲ. ತೊಂದರೆ ಏನೆಂದರೆ ಆ ನೀರಿನ ಕೇಸರಿ ಬಣ್ಣದ ಲೋಳೆ, ಕಬ್ಬಿಣದ್ದು, ಹಾಳೆಯ ಮೇಲೆ ಕೂರ್ತದೆ. ದಪ್ಪ ಕೂತ ಹಾಗೆ ಸಿಗ್ನಲ್ ಮಂಕಾಗ್ತದೆ. ಆಗಾಗ ಹೋಗಿ ಒರೆಸಬೇಕು. ಒರೆಸ್ತೇನೆ, ಅದೂ ಕೆಲಸದ ಭಾಗವೇ. ವಯರನ್ನು ಹೊರಗೆ ತಂದು ಬೋರ್ಡು, ಬ್ಯಾಟರಿ ಎಲ್ಲ ಸುರಂಗದ ಬಾಯಿಯಲ್ಲಿ ಇಟ್ಟೆ, ಬಾವಲಿಗಳಿಗೆ ಲೈಟಿನ ಉಪದ್ರ ಬೇಡ.

ಮಡಕೆ ಕವುಚಿ ಹೂಳುವ ಬದಲು ಮುರಕಲ್ಲನ್ನೇ ನಾಲ್ಕು ಸುತ್ತು ಕಟ್ಟಿ ಒಳಗೆ ಇಡುವ ಯೋಚನೆ. ಹಾಡದ ಕಲ್ಲು ಇಲ್ಲಿ ಉಪಯೋಗಕ್ಕೆ ಬಂತು ನೋಡಿ, ಹಾಲ್‌ನ ಗಲಾಟೆಯನ್ನು ಅದು ಹೊರಗೆ ನಿಲ್ಲಿಸ್ತದೆ. ಕಲ್ಲುಗಳ ಸಂದಿಯಲ್ಲಿ ಕಿವಿ ಇಡುವಷ್ಟು ಒಂದು ಗಂಡಿ. ವಾಲ್ವಿನ ಟಿಕ್ ಕೇಳಬಾರದು ಅಂತ ಅದನ್ನು ಹಗ್ಗದಲ್ಲಿ ಮೇಲೆ ತೂಗಿ ನಾರು ಸುತ್ತಿದ್ದೇನೆ, ಸದ್ಯ ಸಾಧಾರಣ. ನಿಮ್ಮಲ್ಲಿ ಯಾರಿಗಾದರೂ ಸದ್ದಿಲ್ಲದ ವಾಲ್ವ್ ಗೊತ್ತಿದ್ದರೆ ಹೇಳಿ.

@ತೋಟದ ಮೂಲೆ, ಆಯೋಜಕರು ಕೇಳಿದರು: ಏಪ್ರಿಲಿನಲ್ಲಿ ಹನಿ ನಿಂತೇಹೋದರೆ ಬಂದ ಜನರಿಗೆ ಎಂತ ತೋರಿಸುವುದು? ಏನೂ ತೋರಿಸಬೇಡಿ ಅಂದೆ. "ಮೌನ" ಅಂತ ಬೋರ್ಡು ಬರಲಿಕ್ಕಿಲ್ಲ, ಕೊನೆಯ ಹನಿ ಬಿದ್ದ ತಾರೀಕು ಮತ್ತು ಗಂಟೆ ಸೀಮೆಸುಣ್ಣದಲ್ಲಿ ಬರೀತಾರೆ. ಅವರು ಒಪ್ಪಲಿಕ್ಕೆ ಮೂರು ಫೋನ್ ಕಾಲ್ ಬೇಕಾಯ್ತು.

ಪಿಕ್ಕಾಸು ಉತ್ತರ:

ವಾಲ್ವ್ ನನ್ನ ಸಬ್ಜೆಕ್ಟು. ಸೊಲೆನಾಯ್ಡ್ (ಕರೆಂಟಿನ ಅಯಸ್ಕಾಂತದಿಂದ ತೆರೆಯುವ ವಾಲ್ವ್) ಹಾಕಿದರೆ ಎಂತ ಸುತ್ತಿದರೂ ಟಿಕ್ ಅಂತದೆ. ಅದನ್ನು ಬಿಡಿ. ಆಸ್ಪತ್ರೆಯ ಡ್ರಿಪ್ ಟ್ಯೂಬಿನಂಥ ಮೆತ್ತಗಿನ ಸಿಲಿಕಾನ್ ನಳಿಗೆ ತೆಗೊಂಡು, ಅದನ್ನು ಹೊರಗಿಂದ ಅದುಮಿ ಬಿಡುವ ಸಣ್ಣ ಸರ್ವೋ ಮೋಟರ್ ಹಾಕಿ. ನೀರಿಗೆ ಕಬ್ಬಿಣ ತಾಗುವುದಿಲ್ಲ, ಸದ್ದೂ ಕಮ್ಮಿ. ಹೆಚ್ಚು ಅದುಮಿದರೆ ನಳಿಗೆ ಅಂಟಿಕೊಳ್ತದೆ, ತಿಂಗಳಿಗೊಮ್ಮೆ ಬದಲಿಸಬೇಕು. ಮೇಲಿನ ಪಾತ್ರೆಯ ನೀರಿನ ಮಟ್ಟ ಇಳಿದ ಹಾಗೆ ಹನಿಯ ಗಾತ್ರ ಬದಲಾಗ್ತದೆ, ಅದಕ್ಕೆ ಟಾಯ್ಲೆಟ್ ಟ್ಯಾಂಕಿನಲ್ಲಿ ಇರುವಂಥ ಫ್ಲೋಟ್ ಒಂದು ಕೂರಿಸಿ ಕೊಡ್ತೇನೆ.

ನೆರೆಮನೆಯವರ ಬೋರ್‌ವೆಲ್ ಮೋಟರ್ ಹಾಕಿದ ಹೊತ್ತೂ ಬರೆದಿಡಿ. ಪಕ್ಕದಲ್ಲೇ ಹನಿಯ ಲೆಕ್ಕ ಬರಲಿ. ಹಾಲ್‌ನವರಿಗೆ ಬೇಡದಿದ್ದರೂ ನಮ್ಮ ಪಂಚಾಯತಿನವರಿಗೆ ತೋರಿಸಲಿಕ್ಕೆ ಬೇಕಾಗ್ತದೆ. ಆದಿತ್ಯವಾರ ನಾನು ಫ್ರೀ, ಊಟ ಬಾಕಿ ಉಂಟಲ್ಲ.